ಕೆಲಸಕ್ಕೊಂದು ಇಮೇಲ್ ಖಾತೆ ಬೇಕೇ? ಸಣ್ಣ ವ್ಯಾಪಾರದ ಮೇಲ್‌ಗಳನ್ನು ಒಂದೇ ಡಬ್ಬಿಗೆ ತರುವ ಬಗೆ

ಆರ್ಡರಿಗೊಂದು ಜಿಮೇಲ್, ಜಿಎಸ್‌ಟಿಗೊಂದು, ಬ್ಯಾಂಕಿಗೊಂದು, ಆನ್‌ಲೈನ್ ಮಾರಾಟಕ್ಕೆ ಮತ್ತೊಂದು. ಹೀಗೆ ಕೆಲಸಕ್ಕೊಂದು ಖಾತೆ ತೆರೆದರೆ ಎಲ್ಲವೂ ಅಚ್ಚುಕಟ್ಟಾಗಿರುತ್ತದೆ ಎಂಬ ಸಲಹೆ ಸಣ್ಣ ವ್ಯಾಪಾರಿಗಳ ನಡುವೆ ಓಡಾಡುತ್ತಲೇ ಇರುತ್ತದೆ. ಕೇಳಲು ಸರಿ ಅನಿಸುತ್ತದೆ. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ ಒಂದು ಖಾತೆಯ ಪಾಸ್‌ವರ್ಡ್ ಮರೆತುಹೋಗಿರುತ್ತದೆ. ಇನ್ನೊಂದು ಖಾತೆ ಕೆಲಸ ಬಿಟ್ಟುಹೋದ ಹುಡುಗನ ಫೋನಿನಲ್ಲಿ ಮಾತ್ರ ತೆರೆದಿರುತ್ತದೆ. ಮೂರನೆಯದಕ್ಕೆ ಬರುವ ಓಟಿಪಿ ಆಡಿಟರ್ ಕಚೇರಿಯವರನ್ನು ಕೇಳಿ ಪಡೆಯಬೇಕಾಗಿರುತ್ತದೆ.

ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ ಒಂದೇ: ಇಮೇಲ್ ವಿಳಾಸ ಬೇರೆ, ಇಮೇಲ್ ಡಬ್ಬಿ ಬೇರೆ. ಮನೆಗೆ ಮುಂಬಾಗಿಲು, ಹಿತ್ತಿಲ ಬಾಗಿಲು ಎರಡೂ ಇದ್ದರೂ ಮನೆ ಒಂದೇ. ಹಾಗೆಯೇ ಹೊರಗಿನವರಿಗೆ ಕೊಡುವ ವಿಳಾಸಗಳು ಎಷ್ಟೇ ಇದ್ದರೂ ನಾವು ಕೂತು ಓದುವ ಡಬ್ಬಿ ಒಂದೇ ಆಗಿರಬಹುದು. ಅದರೊಳಗೆ ವಿಂಗಡಣೆ ತಾನಾಗಿಯೇ ನಡೆಯುವಂತೆ ಮಾಡಬಹುದು. ಇದಕ್ಕೆ ದುಬಾರಿ ಸಾಫ್ಟ್‌ವೇರ್ ಏನೂ ಬೇಕಿಲ್ಲ.

ನೋಡದ ಮೇಲ್ ಕೂಡ ತಲುಪಿದಂತೆಯೇ

'ಮೇಲ್ ನೋಡದಿದ್ದರೆ ಏನಾಗುತ್ತೆ ಮಹಾ' ಅನ್ನುವವರು ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ನನ್ನು ಗಮನಿಸಬೇಕು. ನೋಂದಣಿ ವೇಳೆ ಕೊಟ್ಟ, ಅಥವಾ ಆಮೇಲೆ ತಿದ್ದುಪಡಿ ಮಾಡಿಸಿದ ಇಮೇಲ್ ವಿಳಾಸಕ್ಕೆ ನೋಟಿಸ್ ಕಳುಹಿಸುವುದು ನೋಟಿಸ್ ಜಾರಿಯ ಒಂದು ಒಪ್ಪಿತ ವಿಧಾನ. ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕುವುದೂ ಅಷ್ಟೇ. ಅಂದರೆ ನೀವು ತೆರೆದು ನೋಡದಿದ್ದರೂ ಉತ್ತರ ಕೊಡಬೇಕಾದ ಗಡುವಿನ ದಿನಗಳು ಎಣಿಕೆಯಾಗುತ್ತಾ ಹೋಗಬಹುದು. ನೋಂದಣಿ ಮಾಡಿಸಿದ ದಿನ ಅವಸರಕ್ಕೆ ಆಡಿಟರ್ ಅವರ ಇಮೇಲ್ ಕೊಟ್ಟಿದ್ದರೆ ಮೊದಲು ಅದನ್ನು ಬದಲಿಸಿ. ಪೋರ್ಟಲಿನ 'ನಾನ್-ಕೋರ್' ತಿದ್ದುಪಡಿ ವಿಭಾಗದಲ್ಲಿ ಅಧಿಕೃತ ಸಹಿದಾರರ ಇಮೇಲ್ ಮತ್ತು ಮೊಬೈಲ್ ನಂಬರನ್ನು ಓಟಿಪಿ ಮೂಲಕವೇ ಬದಲಿಸಬಹುದು. ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ.

ಒಂದೇ ಜಿಮೇಲ್, ಹಲವು ವಿಳಾಸ

ಅಡಿಕೆ ಹಾಳೆಯ ತಟ್ಟೆ ಮಾಡುವ ಒಂದು ಸಣ್ಣ ಘಟಕವನ್ನು ಊಹಿಸಿಕೊಳ್ಳೋಣ. ಅವರ ಜಿಮೇಲ್ ವಿಳಾಸ 'ಹಾಳೆತಟ್ಟೆ@ಜಿಮೇಲ್.ಕಾಮ್' ಎಂದಿರಲಿ. (ಓದಲು ಸುಲಭವಾಗಲೆಂದು ಕನ್ನಡದಲ್ಲಿ ಬರೆದಿದ್ದೇವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.) ಈ ಹೆಸರಿನ ಮುಂದೆ ಕೂಡಿಸು ಚಿಹ್ನೆ ಹಾಕಿ ಯಾವ ಪದವನ್ನು ಬೇಕಾದರೂ ಸೇರಿಸಬಹುದು. 'ಹಾಳೆತಟ್ಟೆ+ಆರ್ಡರ್@ಜಿಮೇಲ್.ಕಾಮ್' ಮತ್ತು 'ಹಾಳೆತಟ್ಟೆ+ಬಿಲ್@ಜಿಮೇಲ್.ಕಾಮ್' ಎರಡಕ್ಕೂ ಕಳುಹಿಸಿದ ಮೇಲ್ ಬಂದು ಬೀಳುವುದು ಅದೇ ಡಬ್ಬಿಗೆ. ಇದಕ್ಕೆ ಹೊಸ ಖಾತೆ ತೆರೆಯಬೇಕಿಲ್ಲ, ಸೆಟ್ಟಿಂಗ್ಸ್ ಮುಟ್ಟಬೇಕಿಲ್ಲ. ಬಂದ ಮೇಲ್ ಯಾವ ವಿಳಾಸಕ್ಕೆ ಬಂತು ಅನ್ನುವುದು ಅದರಲ್ಲೇ ದಾಖಲಾಗಿರುವುದರಿಂದ ಮುಂದೆ ವಿಂಗಡಿಸುವುದೂ ಸುಲಭ.

ಒಂದು ತೊಡಕಿದೆ. ಕೆಲವು ವೆಬ್‌ಸೈಟುಗಳ ಅರ್ಜಿಗಳು ಈ ಕೂಡಿಸು ಚಿಹ್ನೆಯನ್ನು ಒಪ್ಪುವುದಿಲ್ಲ. ಹಾಗಾಗಿ ಬ್ಯಾಂಕ್ ಮತ್ತು ಸರ್ಕಾರಿ ಕೆಲಸಕ್ಕೆ ಮೂಲ ವಿಳಾಸವನ್ನೇ ಕೊಟ್ಟು, ಉಳಿದ ಗಿರಾಕಿ, ಪೂರೈಕೆದಾರರಿಗೆ ಮಾತ್ರ ಇದನ್ನು ಬಳಸುವುದು ಒಳ್ಳೆಯದು ಅನ್ನುವುದು ನಮ್ಮ ಸಲಹೆ.

ಇದರ ಜೊತೆಗೇ ಒಂದು ತಪ್ಪು ಕಲ್ಪನೆಯನ್ನೂ ಬಿಡಿಸಬೇಕು. ಹೆಸರಿನ ನಡುವೆ ಚುಕ್ಕೆ ಇಟ್ಟರೆ ಅದು ಬೇರೆಯದೇ ಜಿಮೇಲ್ ಆಗುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಆಗುವುದಿಲ್ಲ. ಜಿಮೇಲ್.ಕಾಮ್ ವಿಳಾಸಗಳಲ್ಲಿ ಗೂಗಲ್ ಚುಕ್ಕೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 'ಹಾಳೆ.ತಟ್ಟೆ'ಗೆ ಬಂದದ್ದೂ 'ಹಾಳೆತಟ್ಟೆ'ಗೇ ಸೇರುತ್ತದೆ. ಯಾರದೋ ಬಿಲ್ ನಿಮ್ಮ ಡಬ್ಬಿಗೆ ಬಂದಿದ್ದರೆ ಅವರು ತಮ್ಮ ವಿಳಾಸವನ್ನು ತಪ್ಪಾಗಿ ಬರೆದುಕೊಟ್ಟಿರುವ ಸಾಧ್ಯತೆಯೇ ಹೆಚ್ಚು. ಆದರೆ ಸ್ವಂತ ಡೊಮೈನ್ ಇರುವ ವಿಳಾಸಗಳಿಗೆ ಈ ಸೌಕರ್ಯವಿಲ್ಲ, ಅಲ್ಲಿ ಚುಕ್ಕೆಗೂ ಬೆಲೆಯಿದೆ.

ಸ್ವಂತ ಡೊಮೈನ್ ಎಂದಾಗ ಖರ್ಚಿನ ಮಾತು ಬರುತ್ತದೆ. ವ್ಯಾಪಾರದ ಹೆಸರಿನಲ್ಲೇ ವಿಳಾಸ ಬೇಕೆಂದು ಗೂಗಲ್ ವರ್ಕ್‌ಸ್ಪೇಸ್, ಜೋಹೋ ಮೇಲ್ ಮುಂತಾದ ಸೇವೆ ಪಡೆಯುವವರು 'ಸೇಲ್ಸ್', 'ಅಕೌಂಟ್ಸ್', 'ಇನ್ಫೋ' ಎಂದು ಮೂರು ಖಾತೆಗೆ ಹಣ ಕಟ್ಟುತ್ತಿರುತ್ತಾರೆ. ಆದರೆ ಈ ಮೂರನ್ನೂ ಓದುವವರು ಒಬ್ಬರೇ ಆಗಿದ್ದರೆ ಅಷ್ಟು ಬೇಕಿಲ್ಲ. ಒಂದು ಖಾತೆ ಇಟ್ಟುಕೊಂಡು ಉಳಿದವನ್ನು 'ಅಲಿಯಾಸ್' ಮಾಡಿಸಿದರೆ ಸಾಕು. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಒಬ್ಬ ಬಳಕೆದಾರರಿಗೆ 30 ಅಲಿಯಾಸ್‌ವರೆಗೆ ಹೆಚ್ಚಿನ ಶುಲ್ಕವಿಲ್ಲದೆ ಸಿಗುತ್ತದೆ.

ಈಗಾಗಲೇ ಚದುರಿಹೋಗಿರುವ ಖಾತೆಗಳು

ಇರುವ ನಾಲ್ಕೈದು ಖಾತೆಗಳನ್ನು ಇದ್ದಕ್ಕಿದ್ದಂತೆ ಮುಚ್ಚಲು ಹೋಗಬೇಡಿ. ಯಾವ ಗಿರಾಕಿಯ ಬಳಿ ಯಾವ ವಿಳಾಸ ಇದೆಯೋ ಯಾರಿಗೆ ಗೊತ್ತು! ಹಳೆಯ ಖಾತೆಯ ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್' ಆರಿಸಿ ಮುಖ್ಯ ವಿಳಾಸವನ್ನು ಕೊಡಿ. ಆ ಮುಖ್ಯ ವಿಳಾಸಕ್ಕೆ ಖಚಿತಪಡಿಸುವ ಮೇಲ್ ಒಂದು ಬರುತ್ತದೆ. ಅದನ್ನು ಒಪ್ಪಿದ ಮೇಲೆ ಹೊಸದಾಗಿ ಬರುವ ಮೇಲ್‌ಗಳೆಲ್ಲ ಇತ್ತ ಹರಿಯುತ್ತವೆ. ಜಿಮೇಲ್‌ನ ಮೊಬೈಲ್ ಆ್ಯಪ್‌ನಲ್ಲಿ ಇದು ಸಿಗುವುದಿಲ್ಲ. ಕಂಪ್ಯೂಟರ್ ಇಲ್ಲದಿದ್ದರೆ ಫೋನಿನ ಬ್ರೌಸರಿನಲ್ಲಿ 'ಡೆಸ್ಕ್‌ಟಾಪ್ ಸೈಟ್' ಆಯ್ಕೆ ಮಾಡಿಕೊಂಡು ಜಿಮೇಲ್ ತೆರೆಯಿರಿ. ಅಕ್ಷರ ಚಿಕ್ಕದಾಗಿ ಕಣ್ಣಿಗೆ ತ್ರಾಸವಾಗುತ್ತದೆ ನಿಜ, ಆದರೆ ಒಂದು ಸಲ ಮಾಡುವ ಕೆಲಸ.

ಇದನ್ನು ಮಾಡಿದವರು ಮರೆಯುವ ಎರಡು ಸಂಗತಿಗಳಿವೆ. ಸ್ಪ್ಯಾಮ್ ಎಂದು ಗುರುತಾದ ಮೇಲ್ ಫಾರ್ವರ್ಡ್ ಆಗುವುದಿಲ್ಲ, ಹಳೆಯ ಖಾತೆಯಲ್ಲೇ ಉಳಿಯುತ್ತದೆ. 30 ದಿನಗಳ ನಂತರ ಜಿಮೇಲ್ ಅದನ್ನು ಅಳಿಸಿಬಿಡುತ್ತದೆ. ಹೊಸ ಗಿರಾಕಿಯ ಮೊದಲ ವಿಚಾರಣೆ ಸ್ಪ್ಯಾಮ್ ಸೇರುವುದು ಅಪರೂಪವೇನಲ್ಲ. ಎರಡನೆಯದಾಗಿ, 2 ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಫಾರ್ವರ್ಡ್ ಆಗುತ್ತಿದೆಯಲ್ಲ ಎಂದು ನಂಬಿ ಕೂರಬೇಡಿ. ತಿಂಗಳಿಗೊಮ್ಮೆ ಹಳೆಯ ಖಾತೆಗೂ ಲಾಗಿನ್ ಆಗಿ ಸ್ಪ್ಯಾಮ್ ನೋಡಿ, ಒಂದೆರಡು ಮೇಲ್ ತೆರೆದು ಬನ್ನಿ. ಎರಡೂ ಕೆಲಸ ಒಟ್ಟಿಗೇ ಆಗುತ್ತದೆ.

ಹಳೆಯ ವಿಡಿಯೋಗಳಲ್ಲಿ ಬೇರೆ ಕಂಪನಿಯ ಇಮೇಲನ್ನು 'ಪಾಪ್' ವಿಧಾನದಲ್ಲಿ ಜಿಮೇಲ್ ಒಳಗೆ ಎಳೆದು ತರುವುದನ್ನು ತೋರಿಸಿರುತ್ತಾರೆ. 2026ರಲ್ಲಿ ಆ ಸೌಲಭ್ಯವನ್ನು ಕೈಬಿಡುವುದಾಗಿ ಗೂಗಲ್ ತಿಳಿಸಿದೆ. ಹಾಗಾಗಿ ಆ ಕಡೆಯಿಂದಲೇ ಫಾರ್ವರ್ಡ್ ಮಾಡಿಸುವುದು ಸರಿಯಾದ ದಾರಿ.

ತಾನಾಗಿ ವಿಂಗಡಣೆ

ಎಲ್ಲ ಮೇಲ್ ಒಂದೇ ಕಡೆ ಬಂದು ರಾಶಿ ಬಿದ್ದರೆ ಸಂತೆಯಾಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು 'ಫಿಲ್ಟರ್' ಮತ್ತು 'ಲೇಬಲ್'. ಫಿಲ್ಟರ್ ಅಂದರೆ 'ಇಂಥ ಮೇಲ್ ಬಂದರೆ ಹೀಗೆ ಮಾಡು' ಎಂದು ಒಮ್ಮೆ ಹೇಳಿಟ್ಟ ಅಪ್ಪಣೆ. ಲೇಬಲ್ ಅಂದರೆ ಮೇಲ್‌ಗೆ ಅಂಟಿಸಿದ ಚೀಟಿ. ಕಾಗದದ ಫೈಲಿಗೂ ಲೇಬಲ್‌ಗೂ ಒಂದು ವ್ಯತ್ಯಾಸವಿದೆ. ಒಂದೇ ಬಿಲ್ಲನ್ನು ಎರಡು ಫೈಲಿನಲ್ಲಿ ಇಡಲಾಗುವುದಿಲ್ಲ, ಆದರೆ ಒಂದೇ ಮೇಲ್‌ಗೆ 'ಬಿಲ್' ಎಂದೂ 'ಮಾರ್ಚ್' ಎಂದೂ ಎರಡು ಚೀಟಿ ಅಂಟಿಸಬಹುದು.

ಶುರು ಮಾಡುವ ಸುಲಭ ದಾರಿ ಹೀಗಿದೆ. ಜಿಎಸ್‌ಟಿ ಪೋರ್ಟಲಿನಿಂದಲೋ ಬ್ಯಾಂಕಿನಿಂದಲೋ ಬಂದ ಹಳೆಯ ಮೇಲ್ ತೆರೆದು, ಮೂರು ಚುಕ್ಕೆಯ ಮೆನುವಿನಲ್ಲಿ 'ಫಿಲ್ಟರ್ ಮೆಸೇಜಸ್ ಲೈಕ್ ದೀಸ್' ಒತ್ತಿ. ಕಳುಹಿಸಿದವರ ವಿಳಾಸ ತಾನಾಗಿಯೇ ತುಂಬಿಕೊಳ್ಳುತ್ತದೆ. ಮುಂದಿನ ಹಂತದಲ್ಲಿ 'ತುರ್ತು' ಎಂಬ ಲೇಬಲ್ ಹಾಕಿ, ನಕ್ಷತ್ರದ ಗುರುತು ಕೊಡಿಸಿ. ಕೂಡಿಸು ಚಿಹ್ನೆಯ ವಿಳಾಸಗಳಿಗೆ 'ಟು' ಜಾಗದಲ್ಲಿ ಆ ಪೂರ್ತಿ ವಿಳಾಸವನ್ನೇ ಬರೆದು 'ಆರ್ಡರ್' ಲೇಬಲ್ ಕೊಡಬಹುದು. ಕೊನೆಯಲ್ಲಿ ಹಳೆಯ ಮೇಲ್‌ಗಳಿಗೂ ಇದೇ ಫಿಲ್ಟರ್ ಅನ್ವಯಿಸಬೇಕೇ ಎಂಬ ಚೌಕವಿರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಹಿಂದಿನ ವರ್ಷಗಳ ಮೇಲ್‌ಗಳೂ ವಿಂಗಡಣೆಯಾಗುತ್ತವೆ. ಮೊದಲ ಸಲ ಇದನ್ನು ಕಂಡವರಿಗೆ ಖುಷಿಯಾಗುವುದು ಖಂಡಿತ. ಫಿಲ್ಟರನ್ನು ಹೊಂದಿಸುವುದಕ್ಕೆ ಮಾತ್ರ ಕಂಪ್ಯೂಟರ್ ಅಥವಾ ಬ್ರೌಸರ್ ಬೇಕು, ಆಮೇಲೆ ಲೇಬಲ್‌ಗಳು ಫೋನಿನ ಆ್ಯಪ್‌ನಲ್ಲೂ ಕಾಣುತ್ತವೆ.

ಎಷ್ಟು ಫಿಲ್ಟರ್ ಬೇಕು? ನಾಲ್ಕೈದು ಸಾಕು. ಸರ್ಕಾರ ಮತ್ತು ಬ್ಯಾಂಕ್, ಆರ್ಡರ್, ಪೂರೈಕೆದಾರರ ಬಿಲ್, ಜಾಹೀರಾತು. ಇಪ್ಪತ್ತು ಲೇಬಲ್ ಮಾಡಿದವರು ಕೊನೆಗೆ ಯಾವುದನ್ನೂ ತೆರೆದು ನೋಡುವುದಿಲ್ಲ. ಇನ್ನೊಂದು ಎಚ್ಚರಿಕೆ: ಜಾಹೀರಾತಿನ ಮೇಲ್‌ಗೂ 'ಡಿಲೀಟ್' ಅಪ್ಪಣೆ ಕೊಡಬೇಡಿ, 'ಸ್ಕಿಪ್ ಇನ್‌ಬಾಕ್ಸ್' ಎಂದಷ್ಟೇ ಹೇಳಿ. ಆಗ ಮೇಲ್ ಕಣ್ಣೆದುರಿನಿಂದ ಸರಿಯುತ್ತದೆ, ಆದರೆ ಹುಡುಕಿದರೆ ಸಿಗುತ್ತದೆ. ಹಾಗೆಯೇ 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಅನ್ನುವುದನ್ನು ಕಂಡಕಂಡ ವಿಳಾಸಕ್ಕೆಲ್ಲ ಹಾಕಬೇಡಿ. ಕಳುಹಿಸಿದವರ ವಿಳಾಸವನ್ನು ನಕಲು ಮಾಡಲು ಸಾಧ್ಯವಿದೆ. 'ಬ್ಯಾಂಕ್' ಎಂಬ ಚೀಟಿ ಅಂಟಿಕೊಂಡು ಬಂತು ಅಂದಮಾತ್ರಕ್ಕೆ ಆ ಮೇಲ್ ಬ್ಯಾಂಕಿನದೇ ಎಂದೇನಲ್ಲ.

ತಾನಾಗಿ ಉತ್ತರ, ಮತ್ತು ಬೇರೆಯವರಿಂದ ಉತ್ತರ

ಹಬ್ಬಕ್ಕೆ ಘಟಕ ಮುಚ್ಚಿರುವಾಗ 'ವೆಕೇಶನ್ ರೆಸ್ಪಾಂಡರ್' ಬಳಸಿದರೆ ಮೇಲ್ ಕಳುಹಿಸಿದವರಿಗೆ 'ಸೋಮವಾರ ಉತ್ತರಿಸುತ್ತೇವೆ' ಎಂಬ ಮಾತು ತಾನಾಗಿ ಹೋಗುತ್ತದೆ. ಒಬ್ಬರೇ ಮತ್ತೆ ಮತ್ತೆ ಬರೆದರೂ ಜಿಮೇಲ್ ಅವರಿಗೆ 4 ದಿನಕ್ಕೊಮ್ಮೆ ಮಾತ್ರ ಇದನ್ನು ಕಳುಹಿಸುತ್ತದೆ, ಹಾಗಾಗಿ ಕಿರಿಕಿರಿಯಾಗುವುದಿಲ್ಲ. ಬೆಲೆಪಟ್ಟಿ ಕೇಳುವವರೇ ಹೆಚ್ಚಿದ್ದರೆ ಒಂದು 'ಟೆಂಪ್ಲೇಟ್' ಬರೆದಿಟ್ಟು, ಅದನ್ನು ಫಿಲ್ಟರ್ ಮೂಲಕವೇ ಕಳುಹಿಸುವಂತೆ ಮಾಡಬಹುದು. ಎಲ್ಲ ಗಿರಾಕಿಗಳಿಗೂ ಒಟ್ಟಿಗೆ ಕೊಡುಗೆಯ ಮೇಲ್ ಕಳುಹಿಸಲು ಮಾತ್ರ ಈ ಖಾತೆಯನ್ನು ಬಳಸಬೇಡಿ. ಸಾಮಾನ್ಯ ಜಿಮೇಲ್‌ಗೆ ದಿನಕ್ಕೆ 500ರ ಮಿತಿಯಿದೆ. ಅದನ್ನು ದಾಟಿದರೆ ಕಳುಹಿಸುವುದೇ ಕೆಲಹೊತ್ತು ನಿಂತುಹೋಗುತ್ತದೆ. ಅವತ್ತೇ ಒಂದು ಕೊಟೇಶನ್ ಕಳುಹಿಸಬೇಕಾಗಿರುತ್ತದೆ!

ಮೇಲ್ ನೋಡಲು ಸಹಾಯಕರಿದ್ದರೆ ಅವರಿಗೆ ಪಾಸ್‌ವರ್ಡ್ ಹೇಳುವ ಅಗತ್ಯವೇ ಇಲ್ಲ. ಸೆಟ್ಟಿಂಗ್ಸ್‌ನ 'ಅಕೌಂಟ್ಸ್' ಭಾಗದಲ್ಲಿ 'ಗ್ರಾಂಟ್ ಆ್ಯಕ್ಸೆಸ್' ಎಂಬುದಿದೆ. ಅಲ್ಲಿ ಅವರ ಜಿಮೇಲ್ ಸೇರಿಸಿದರೆ ಅವರು ತಮ್ಮ ಖಾತೆಯಿಂದಲೇ ನಿಮ್ಮ ವ್ಯಾಪಾರದ ಮೇಲ್ ಓದಬಹುದು, ಉತ್ತರಿಸಬಹುದು, ಅಳಿಸಲೂಬಹುದು. ಪಾಸ್‌ವರ್ಡ್ ಬದಲಿಸಲು ಮಾತ್ರ ಆಗುವುದಿಲ್ಲ. ಸಾಮಾನ್ಯ ಜಿಮೇಲ್‌ನಲ್ಲಿ ಹೀಗೆ 10 ಜನರನ್ನು ಸೇರಿಸಬಹುದು. ಅವರು ಕೆಲಸ ಬಿಟ್ಟ ದಿನ ಹೆಸರು ತೆಗೆದರಾಯಿತು.

ಕಳ್ಳರಿಗೂ ಫಿಲ್ಟರ್ ಗೊತ್ತು

ಈ ಅನುಕೂಲಗಳಿಗೆ ಇನ್ನೊಂದು ಮುಖವಿದೆ. ವ್ಯಾಪಾರಿಯ ಇಮೇಲ್ ಪಾಸ್‌ವರ್ಡ್ ಕದ್ದವರು ಕೂಡಲೇ ಹಣ ಕೇಳುವುದಿಲ್ಲ. ಸುಮ್ಮನೆ ಕೂತು ಓದುತ್ತಾರೆ. ಯಾರಿಗೆ ಎಷ್ಟು ಮಾಲು ಹೋಗಿದೆ, ಯಾರಿಂದ ಹಣ ಬರಬೇಕಿದೆ ಎಂದು ತಿಳಿದುಕೊಳ್ಳುತ್ತಾರೆ. ಆಮೇಲೆ ಎರಡು ಕೆಲಸ ಮಾಡುತ್ತಾರೆ: ಎಲ್ಲ ಮೇಲ್‌ನ ಪ್ರತಿ ತಮಗೆ ಬರುವಂತೆ ಫಾರ್ವರ್ಡಿಂಗ್ ಹಾಕುತ್ತಾರೆ, ಆ ಗಿರಾಕಿಯ ಮೇಲ್ ನಿಮ್ಮ ಕಣ್ಣಿಗೆ ಬೀಳದಂತೆ ಒಂದು ಫಿಲ್ಟರ್ ಹಾಕುತ್ತಾರೆ. ನಂತರ ನಿಮ್ಮದೇ ವಿಳಾಸದಿಂದ ಗಿರಾಕಿಗೆ ಹೀಗೊಂದು ಮೇಲ್ ಹೋಗುತ್ತದೆ: 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣವನ್ನು ಹೊಸ ಖಾತೆಗೆ ಹಾಕಿ.' ಗಿರಾಕಿ ಅನುಮಾನ ಪಟ್ಟು ಕೇಳಿದರೂ ಆ ಪ್ರಶ್ನೆ ನಿಮ್ಮ ಇನ್‌ಬಾಕ್ಸಿಗೆ ಬರುವುದಿಲ್ಲ. ಉತ್ತರ ಕೊಡುವವರೂ ಕಳ್ಳರೇ. ಮಾಲು ಹೋಗಿರುತ್ತದೆ, ಗಿರಾಕಿ ಹಣವನ್ನೂ ಕಟ್ಟಿರುತ್ತಾರೆ, ನಿಮಗೆ ಮಾತ್ರ ಸೇರಿರುವುದಿಲ್ಲ.

ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಸರಿಹೋಯಿತು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಪಾಸ್‌ವರ್ಡ್ ಬದಲಾದರೂ ಕಳ್ಳರು ಹಾಕಿಟ್ಟ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಹಾಗೇ ಉಳಿದಿರುತ್ತವೆ. ಅವನ್ನು ನಾವೇ ಹೋಗಿ ತೆಗೆಯಬೇಕು. ಆದ್ದರಿಂದ ತಿಂಗಳಿಗೊಮ್ಮೆ ಹಳೆಯ ಖಾತೆಗಳನ್ನು ನೋಡುವ ದಿನವೇ ಪ್ರತಿ ಖಾತೆಯ ಫಿಲ್ಟರ್ ಪಟ್ಟಿ, ಫಾರ್ವರ್ಡಿಂಗ್ ವಿಳಾಸ ಮತ್ತು 'ಗ್ರಾಂಟ್ ಆ್ಯಕ್ಸೆಸ್' ಹೆಸರುಗಳ ಮೇಲೂ ಕಣ್ಣಾಡಿಸಿ. ನಾಲ್ಕೈದೇ ಫಿಲ್ಟರ್ ಇದ್ದರೆ ನೀವು ಮಾಡದ ಒಂದು ಸೇರಿಕೊಂಡದ್ದು ಥಟ್ಟನೆ ಗೊತ್ತಾಗುತ್ತದೆ. ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ, ಅದಕ್ಕೆ ಮಾಲೀಕರ ಫೋನ್ ನಂಬರನ್ನೇ ಕೊಡಿ.

ಬ್ಯಾಂಕ್ ಖಾತೆ ಬದಲಾಗಿದೆ ಎಂದು ನಿಮ್ಮ ಪೂರೈಕೆದಾರರಿಂದಲೇ ಮೇಲ್ ಬಂದರೂ, ಹಣ ಹಾಕುವ ಮೊದಲು ನಿಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ಆ ಮೇಲ್‌ನಲ್ಲೇ ಕೊಟ್ಟಿರುವ ನಂಬರಿಗಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಬ್ಯಾಂಕಿಗೂ, ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲೇ.