ಕಣದಿಂದ ಇಳಿದ ಮೇಲೆ

ಕಾರ್ಕಳದ ಬೆಟ್ಟದ ಮೇಲೆ ನಿಂತ ಗೊಮ್ಮಟನನ್ನು ನಾವು ತ್ಯಾಗಮೂರ್ತಿಯೆಂದು ಕೈಮುಗಿಯುತ್ತೇವೆ. ಆತನು ಮೊದಲು ಮಲ್ಲನಾಗಿದ್ದನೆಂಬುದು ಮಾತ್ರ ನೆನಪಿಗೆ ಬರುವುದಿಲ್ಲ. 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಆ 42 ಅಡಿಯ ಶಿಲೆಯ ಹಿಂದಿರುವುದು ಒಂದು ಮಲ್ಲಯುದ್ಧದ ಕತೆ. 941ರಲ್ಲಿ ಪಂಪನು 'ಆದಿಪುರಾಣ'ದಲ್ಲಿ ಅದನ್ನು ಹೇಳಿದ್ದಾನೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲಿಯೂ ಗೆದ್ದ ಬಾಹುಬಲಿ, ಮೇಲಕ್ಕೆತ್ತಿದ ಅಣ್ಣನನ್ನು ನೆಲಕ್ಕೆ ಅಪ್ಪಳಿಸದೆ ಮೆಲ್ಲನೆ ಇಳಿಸಿ, ಗೆದ್ದ ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ನಡೆದನು.

ಗೆದ್ದ ಗಳಿಗೆಯಲ್ಲಿಯೇ ಕಣದಿಂದ ಇಳಿಯುವ ಭಾಗ್ಯ ಎಲ್ಲ ಮಲ್ಲರಿಗೂ ಇರುವುದಿಲ್ಲ. ಮುಷ್ಟಿಯುದ್ಧದ ಚರಿತ್ರೆಯನ್ನು ಓದುವಾಗ ನನ್ನ ಕುತೂಹಲವು ಕಣದಲ್ಲಿ ಬಿದ್ದ ಪೆಟ್ಟುಗಳಿಗಿಂತ ಹೆಚ್ಚಾಗಿ, ಆಮೇಲಿನ ಬಾಳಿನ ಕಡೆಗೇ ಹರಿಯುತ್ತದೆ. ಮೂವತ್ತೈದರ ಹೊತ್ತಿಗೆ ಮೈ ಸೋಲುತ್ತದೆ. ಬದುಕು ಇನ್ನೂ ಅರ್ಧ ಉಳಿದಿರುತ್ತದೆ. ಆ ಅರ್ಧವನ್ನು ಕಳೆಯುವುದು ಹೇಗೆ?

ಹಿಂದೆ ಬರಿಗೈಯಲ್ಲಿ ಬಡಿದಾಡುತ್ತಿದ್ದ ಇಂಗ್ಲೆಂಡಿನವರು 1867ರಲ್ಲಿ ಕ್ವೀನ್ಸ್‌ಬರಿ ನಿಯಮಗಳನ್ನು ಪ್ರಕಟಿಸಿದರು. ಕೈಗೆ ಗವಸು ಬಂತು. ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿಶ್ರಾಂತಿ, ಬಿದ್ದವನಿಗೆ ಹತ್ತು ಎಣಿಸುವವರೆಗೆ ಅವಕಾಶ ಎಲ್ಲವೂ ಬಂದುವು. ಕಣದೊಳಗಣ ನ್ಯಾಯವೆಲ್ಲ ಲೆಕ್ಕಾಚಾರವಾಗಿ ನಿಂತಿತು. ಕಣದ ಹೊರಗಣ ನ್ಯಾಯಕ್ಕೆ ಮಾತ್ರ ಯಾರೂ ನಿಯಮ ಬರೆಯಲಿಲ್ಲ.

ಅದಕ್ಕೆ ರ‍್ಯಾಂಡಾಲ್ಫ್ ಟರ್ಪಿನ್ನನೇ ಸಾಕ್ಷಿ. ಲೆಮಿಂಗ್ಟನ್ನಿನ ಬಡ ಮನೆಯಲ್ಲಿ 1928ರಲ್ಲಿ ಹುಟ್ಟಿದವನು. ಬ್ರಿಟಿಷ್ ಗಯಾನದಿಂದ ಬಂದ ತಂದೆ, ಮಗು ತೊಟ್ಟಿಲಿನಲ್ಲಿರುವಾಗಲೇ ತೀರಿಕೊಂಡನು. 1951ರ ಜುಲೈ 10ರಂದು ಲಂಡನ್ನಿನಲ್ಲಿ ಟರ್ಪಿನ್ನನು ಅಜೇಯನೆಂಬಂತಿದ್ದ ಶುಗರ್ ರೇ ರಾಬಿನ್ಸನ್ನನನ್ನು ಹದಿನೈದು ಸುತ್ತುಗಳಲ್ಲಿ ಸೋಲಿಸಿ ಜಗಜ್ಜಟ್ಟಿಯಾದನು. ಆ ಕಿರೀಟ ತಲೆಯ ಮೇಲಿದ್ದುದು 64 ದಿನ ಮಾತ್ರ. ಮುಂದೆ ಹಣ ಕರಗಿತು, ತೆರಿಗೆಯ ಬಾಕಿ ಬೆಳೆಯಿತು. ಒಂದು ಕಾಲದ ಜಗಜ್ಜಟ್ಟಿ ಗುಜರಿ ಅಂಗಡಿಯಲ್ಲಿ ದುಡಿದನು. ಕಾಸಿಗಾಗಿ ಕುಸ್ತಿಯ ಪ್ರದರ್ಶನಗಳಲ್ಲಿ ಹೊರಳಾಡಿದನು. 1966ರ ಮೇ ತಿಂಗಳಲ್ಲಿ, ಮೂವತ್ತೇಳರ ಪ್ರಾಯದಲ್ಲಿ, ಗುಂಡು ಹಾರಿಸಿಕೊಂಡು ಸತ್ತನು. ವಾರ್‌ವಿಕ್ ಪಟ್ಟಣದಲ್ಲಿ ಆತನ ಪ್ರತಿಮೆ ಎದ್ದುದು 2001ರಲ್ಲಿ. ಪ್ರತಿಮೆ ನಿಲ್ಲಿಸುವುದರಲ್ಲಿ ಲೋಕವು ಎಂದೂ ಆತುರಪಡುವುದಿಲ್ಲ!

ಅದೇ ನಾಡಿನ ಹೆನ್ರಿ ಕೂಪರನ ದಾರಿ ಬೇರೆ. ಗೋಡೆಗೆ ಗಿಲಾವು ಬಳಿಯುವ ಕಸುಬಿನವನು. 1963ರ ಜೂನ್ 18ರಂದು, ಮುಂದೆ ಮಹಮ್ಮದ್ ಅಲಿಯೆಂದು ಹೆಸರಾದ ಕ್ಲೇಯನ್ನು ಎಡಗೈಯ ಒಂದೇ ಗುದ್ದಿಗೆ ಹಗ್ಗದ ಮೇಲೆ ಕೆಡವಿದನು. ಆದರೆ ಮುಂದಿನ ಸುತ್ತಿನಲ್ಲಿ ಕೂಪರನ ಹುಬ್ಬು ಸೀಳಿ ರಕ್ತ ಹರಿಯಿತು, ಪಂದ್ಯ ನಿಂತಿತು. ಗೆದ್ದವನು ಕ್ಲೇ. ಆದರೂ ಇಂಗ್ಲಿಷರು ಸಾಯುವ ತನಕ ಕೂಪರನನ್ನು ಕೊಂಡಾಡಿದ್ದು ಆ ಒಂದು ಗುದ್ದಿಗಾಗಿ. 1971ರಲ್ಲಿ ನಿವೃತ್ತನಾದ ಆತನಿಗೆ 2000ದಲ್ಲಿ 'ಸರ್' ಪದವಿ ಬಂತು. ಆತನಿಗೂ ಕಷ್ಟ ತಪ್ಪಲಿಲ್ಲ. ಹೂಡಿಕೆಯ ನಷ್ಟಕ್ಕೆ ಸಿಕ್ಕಿ, ರಕ್ತ ಸುರಿಸಿ ಗಳಿಸಿದ ಮೂರು ಲಾನ್ಸ್‌ಡೇಲ್ ಪಟ್ಟಿಗಳನ್ನು 1993ರಲ್ಲಿ ಹರಾಜಿಗಿಟ್ಟನು. ಆದರೆ ಮರ್ಯಾದೆಯನ್ನು ಹರಾಜಿಗಿಡುವ ಗತಿ ಬರಲಿಲ್ಲ. 2011ರ ಮೇ 1ರಂದು ಕಣ್ಣು ಮುಚ್ಚಿದನು.

ಇಷ್ಟು ದೂರದ ಮಾತೇಕೆ ಎಂದು ವಾಚಕರು ಕೇಳಬಹುದು. ನಮ್ಮ ಕಡೆಯವನೊಬ್ಬನ ಮಾತಿಗೆ ಬರುವುದಕ್ಕಾಗಿಯೇ.

ತುಳುನಾಡಿಗೆ ಮೈಸಾಧನೆ ಹೊಸತಲ್ಲ. ಕೋಟಿ-ಚೆನ್ನಯರ ಗರಡಿಗಳು ಊರೂರಿನಲ್ಲಿವೆ. ಕಾರ್ಕಳದ ಮಿಯ್ಯಾರಿನಲ್ಲಿ, ಕಾಪುವಿಗೆ ಅನತಿದೂರದ ಕಟಪಾಡಿಯಲ್ಲಿ, ಕಂಬಳದ ಕೋಣಗಳ ಹಿಂದೆ ಓಡುವವರ ಕಾಲಬಲ ಎಂಥದೆಂದು ನೋಡಿದವರೇ ಬಲ್ಲರು. ಆದರೆ ಬಲವಿದ್ದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಕಳೆದ ಶತಮಾನದಲ್ಲಿ ಉಡುಪಿಯ ಸುತ್ತಲ ಎಷ್ಟೋ ಮನೆಗಳ ಹುಡುಗರು ಮುಂಬಯಿಯ ದಾರಿ ಹಿಡಿದರು. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆಯುವುದು, ಮಾಣಿಯಾಗಿ ತಿಂಡಿ ಹಂಚುವುದು. ರಾತ್ರಿ ಕನ್ನಡ ಶಾಲೆಯಲ್ಲಿ ನಾಲ್ಕಕ್ಷರ ಕಲಿಯುವುದು. ಹಾಗೆ ಹೋದವರಲ್ಲಿ ಒಬ್ಬರು ಎಂ. ಬಿ. ಶೆಟ್ಟರು.

ಶೆಟ್ಟರು ಹೋಟೆಲ್ ದುಡಿಮೆಯ ನಡುವೆ ಅಂಗಸಾಧನೆಗೆ ಮನಸ್ಸು ಕೊಟ್ಟು ಮುಷ್ಟಿಕಾಳಗದ ಕಣಕ್ಕಿಳಿದರು. ಅಲ್ಲಿ ಹೆಸರನ್ನೂ ಗಳಿಸಿದರು. ಅದರಿಂದ ಅನ್ನ ಹುಟ್ಟುವಂತಿರಲಿಲ್ಲ. ಅನ್ನ ಸಿಕ್ಕಿದುದು ಹಿಂದಿ ಚಿತ್ರರಂಗದಲ್ಲಿ. ಮೊದಲು ಸಾಹಸಗಾರ, ಆಮೇಲೆ ಹೊಡೆದಾಟದ ದೃಶ್ಯಗಳನ್ನು ಹೆಣೆಯುವ ನಿರ್ದೇಶಕ. ಬೋಳುತಲೆ, ಉಕ್ಕಿನ ಮೈ; 1967ರ 'ಆ್ಯನ್ ಈವ್ನಿಂಗ್ ಇನ್ ಪ್ಯಾರಿಸ್', 1978ರ 'ಡಾನ್', 'ತ್ರಿಶೂಲ್' ಮೊದಲಾದ ಚಿತ್ರಗಳಲ್ಲಿ ಅವರನ್ನು ನೋಡಿ ಮರೆತವರಿಲ್ಲ.

ಇಲ್ಲಿಯ ವಿಪರ್ಯಾಸವನ್ನು ನೋಡಿ. ಕಣದಲ್ಲಿ ನಿಜವಾಗಿ ಗುದ್ದಬಲ್ಲ ಮನುಷ್ಯನಿಗೆ ಪರದೆಯ ಮೇಲೆ ಸೋಲುವುದೇ ಸಂಬಳದ ಕೆಲಸವಾಯಿತು. ನಾಯಕನ ಮುಷ್ಟಿ ಗಾಳಿಯಲ್ಲಿ ತೇಲಿ ಬರುತ್ತದೆ, ಶೆಟ್ಟರು ಮೇಜು-ಕುರ್ಚಿಗಳ ಮೇಲೆ ಉರುಳಿ ಬೀಳುತ್ತಾರೆ. ಗುದ್ದು ಸುಳ್ಳು, ಬೀಳುವುದು ನಿಜ. 'ತ್ರಿಶೂಲ್' ಚಿತ್ರದಲ್ಲಿ ಅಮಿತಾಭ್ ಬಚ್ಚನ್ನರು ಆಂಬುಲೆನ್ಸ್ ಗಾಡಿಯನ್ನೇ ಜತೆಗೆ ತಂದು ಅವರೊಡನೆ ಹೊಡೆದಾಡಲು ಬರುವಾಗ ಚಿತ್ರಮಂದಿರ ಸಿಳ್ಳೆಯಿಂದ ಬಿರಿಯುತ್ತಿತ್ತು. ಆ ಸಿಳ್ಳೆಯಲ್ಲಿ ಶೆಟ್ಟರ ಪಾಲೂ ಉಂಟೆಂದು ನನ್ನ ಅಭಿಪ್ರಾಯ. ಎದುರಾಳಿ ಬಲವಂತನೆಂದು ನಂಬಿಕೆ ಬಾರದಿದ್ದರೆ ನಾಯಕನ ಗೆಲುವಿಗೆ ಬೆಲೆ ಎಲ್ಲಿಯದು?

1982ರಲ್ಲಿ ಶೆಟ್ಟರು ತೀರಿಕೊಂಡರು. ಮನೆ ಕಷ್ಟಕ್ಕೆ ಬಿತ್ತು. ಮಗ ರೋಹಿತ್ ಆಗ ಎಂಟೊಂಬತ್ತು ವರ್ಷದ ಬಾಲಕ. 1991ರ 'ಫೂಲ್ ಔರ್ ಕಾಂಟೆ' ಚಿತ್ರದಲ್ಲಿ ಸಹಾಯಕನಾಗಿ ದುಡಿದ ಆ ಹುಡುಗನೇ ಮುಂದೆ ಹಿಂದಿಯ ದೊಡ್ಡ ನಿರ್ದೇಶಕನಾದುದು ಎಲ್ಲರಿಗೂ ತಿಳಿದ ಸಂಗತಿ. ಆತನ ಚಿತ್ರಗಳಲ್ಲಿ ವಾಹನಗಳು ಆಕಾಶಕ್ಕೆ ಹಾರುವುದನ್ನು ಕಂಡು ನಗುವವರಿದ್ದಾರೆ. ನನಗೆ ಅದರಲ್ಲಿ ತಂದೆಯ ಕಸುಬು ಮಗನ ಕೈಗೆ ಬಂದುದು ಕಾಣುತ್ತದೆ.

ಟರ್ಪಿನ್ನನಿಗೆ ಗುಜರಿ, ಕೂಪರನಿಗೆ ಹರಾಜು, ಶೆಟ್ಟರಿಗೆ ಸೋಲುವ ಪಾತ್ರ. ಮೂವರೂ ದುಡಿದು ಉಂಡವರು. ಮೂವರ ಪೆಟ್ಟಿನಿಂದಲೂ ಜನ ಸಂತೋಷಪಟ್ಟರು. ಬಾಹುಬಲಿಗೆ ಬಿಡುವುದಕ್ಕೆ ಒಂದು ರಾಜ್ಯವಾದರೂ ಇತ್ತು. ಬಿಡಲು ಏನೂ ಇಲ್ಲದವನು ಕಣದಿಂದ ಇಳಿಯುವುದು ಹೆಚ್ಚು ಕಷ್ಟ. ನಮ್ಮ ಕಂಬಳದ ಓಟಗಾರರನ್ನೂ ಹಳ್ಳಿಯ ಜಟ್ಟಿಗಳನ್ನೂ ಗೆದ್ದ ದಿನ ಹೆಗಲ ಮೇಲೆ ಹೊರುತ್ತೇವೆ, ಸಂತೋಷವೇ. ಮೊಣಕಾಲು ಸೋತ ವರ್ಷ ಆ ಹೆಗಲುಗಳು ಎಲ್ಲಿರುತ್ತವೆಂದು ಊರಿನ ಹಿರಿಯರು ಒಮ್ಮೆ ಕೇಳಿಕೊಳ್ಳಬೇಕು.