ಗಂಧದೆಣ್ಣೆಯ ಮರೆತುಹೋದ ಗಿರಾಕಿ

ಮೈಸೂರಿನ ಗಂಧದೆಣ್ಣೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸಾಬೂನಿನಿಂದ ಆರಂಭಿಸುತ್ತೇವೆ. ಆದರೆ ಬೆಂಗಳೂರಿನಲ್ಲಿ ಸಾಬೂನು ತಯಾರಾಗುವುದಕ್ಕೆ ಎಷ್ಟೋ ಮೊದಲೇ ಈ ಎಣ್ಣೆಗೆ ಯುರೋಪಿನಲ್ಲಿ ಬೇಡಿಕೆಯಿತ್ತು. ಅದರ ದೊಡ್ಡ ಪಾಲು ಔಷಧದಂಗಡಿಗಳಿಂದ ಬರುತ್ತಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿನ ವೈದ್ಯರು ಗೊನೊರಿಯಾ ಎಂಬ ಗುಹ್ಯರೋಗಕ್ಕೆ ಗಂಧದೆಣ್ಣೆಯನ್ನು ಹೊಟ್ಟೆಗೆ ಕೊಡತೊಡಗಿದ್ದರು. ಎಣ್ಣೆಯ ಸಾರವು ಮೂತ್ರದೊಡನೆ ಹೊರಬೀಳುವಾಗ ದಾರಿಯಲ್ಲಿರುವ ಸೋಂಕನ್ನು ಅಡಗಿಸುತ್ತದೆ ಎಂಬುದು ಅವರ ತರ್ಕ. ಪ್ಯಾರಿಸ್ಸಿನ ‘ಸಾಂತಾಲ್ ಮಿದಿ’ ಕ್ಯಾಪ್ಸೂಲುಗಳು ಇದರಿಂದಲೇ ಹೆಸರಾದವು. ಬಾಯಿಬಿಟ್ಟು ಹೇಳಲು ನಾಚುವ ರೋಗಕ್ಕೆ ನಮ್ಮ ದೇವರಕೋಣೆಯ ಪರಿಮಳವೇ ಮದ್ದಾದದ್ದು ಒಂದು ವಿನೋದ.

ಟಿಪ್ಪುವಿನ ಕಾಲದಿಂದಲೂ ಶ್ರೀಗಂಧ ಮೈಸೂರಿನಲ್ಲಿ ರಾಜಸ್ವತ್ತು. ಸರ್ಕಾರವು ಮರವನ್ನು ಕೋಠಿಗಳಲ್ಲಿ ಹರಾಜು ಹಾಕುತ್ತಿತ್ತು. ಅದನ್ನು ತರಿಸಿಕೊಂಡು ಎಣ್ಣೆ ಇಳಿಸುತ್ತಿದ್ದವರಲ್ಲಿ ಜರ್ಮನರು ಪ್ರಮುಖರು. 1914ರಲ್ಲಿ ಯುದ್ಧ ಆರಂಭವಾಗಿ ಆ ದಾರಿ ಮುಚ್ಚಿತು. ಆಗ ವಿಶ್ವೇಶ್ವರಯ್ಯನವರು ದಿವಾನರು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಸರ್ಕಾರಿ ಕಾರ್ಖಾನೆಗಳು ನಡೆಯತೊಡಗಿದವು. ಎಣ್ಣೆಯಲ್ಲಿ ಸ್ಯಾಂಟಲಾಲ್ ಅಂಶವು ಶೇಕಡಾ 90ಕ್ಕೆ ಕಡಿಮೆಯಿರಬಾರದೆಂಬುದು ಬ್ರಿಟಿಷ್ ಔಷಧಸಂಹಿತೆಯ ನಿಯಮ. ಪರಿಮಳದ ಸರಕಿಗೆ ಮದ್ದಿನ ಅಳತೆಗೋಲು! ನಮ್ಮ ಉದ್ಯಮಚರಿತ್ರೆಗಳು ಈ ಸಂಗತಿಯನ್ನು ಮುಜುಗರದಿಂದಲೋ ಏನೋ ಬೇಗ ದಾಟಿಬಿಡುತ್ತವೆ.

ಮದ್ದು ಫಲಿಸುತ್ತಿತ್ತೇ? ಸ್ಯಾಂಟಲಾಲ್ ಕೆಲವು ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ತಡೆಯುತ್ತದೆ ಎಂಬುದು ಪ್ರಯೋಗಶಾಲೆಯಲ್ಲಿ ಕಂಡ ಮಾತೇ. ಆದರೆ ಗಾಜಿನ ತಟ್ಟೆಯಲ್ಲಿ ಎಣ್ಣೆಯು ರೋಗಾಣುವನ್ನು ನೇರವಾಗಿ ಮುಟ್ಟುತ್ತದೆ. ನುಂಗಿದ ಎಣ್ಣೆಯಾದರೋ ರಕ್ತ, ಯಕೃತ್ತುಗಳನ್ನು ಹಾಯ್ದು, ರೂಪ ಬದಲಿಸಿಕೊಂಡು, ಅತ್ಯಲ್ಪವಾಗಿ ಮೂತ್ರಕ್ಕೆ ಸೇರುತ್ತದೆ. ಗೊನೊರಿಯಾದ ಉರಿ, ಸ್ರಾವಗಳು ಎಷ್ಟೋ ಸಲ ತಾವಾಗಿಯೇ ತಗ್ಗುತ್ತವೆ, ಸೋಂಕು ಮಾತ್ರ ಒಳಗೇ ಉಳಿಯಬಹುದು. ಕೀರ್ತಿ ಕ್ಯಾಪ್ಸೂಲಿಗೆ ಸಲ್ಲುತ್ತಿತ್ತು. ವಾಸಿಯಾಯಿತೆಂದು ನಂಬಿದ ರೋಗಿಯ ಮನೆಯಲ್ಲಿ ಹೆಂಡತಿಗೂ ಹುಟ್ಟುವ ಮಗುವಿನ ಕಣ್ಣಿಗೂ ರೋಗ ತಗಲುವ ಭಯ ಹಾಗೆಯೇ ಇರುತ್ತಿತ್ತು.

1930ರ ದಶಕದ ಕೊನೆಯಲ್ಲಿ ಸಲ್ಫಾ ಔಷಧಗಳು, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ಗಂಧದೆಣ್ಣೆ ವೈದ್ಯರ ಕಪಾಟಿನಿಂದ ಇಳಿಯಿತು. ಅಷ್ಟರಲ್ಲಿ ಸಾಬೂನು ಮನೆಮನೆಗೆ ತಲುಪಿತ್ತು, ಸುಗಂಧದ್ರವ್ಯಗಳ ಪೇಟೆಯೂ ಇತ್ತು; ಆದ್ದರಿಂದ ಕಾರ್ಖಾನೆ ಉಳಿಯಿತು. ಗೊನೊರಿಯಾದ ರೋಗಾಣುವಾದರೋ ಮೊದಲು ಸಲ್ಫಾವನ್ನು, ಆಮೇಲೆ ಪೆನಿಸಿಲಿನ್ನನ್ನೂ ಮೀರಿ ಬೆಳೆಯಿತು.