ಮಧುಮೇಹ ಚಿಕಿತ್ಸೆಯಲ್ಲಿ ಅತ್ಯಲ್ಪಾಹಾರ: ಒಂದು ಐತಿಹಾಸಿಕ ವಿಚಾರ

ಮಧುಮೇಹಕ್ಕೆ ಅತ್ಯಲ್ಪಾಹಾರದ ಚಿಕಿತ್ಸೆಯು ನೂತನವಾದುದೆಂಬ ಭಾವನೆ ಸರಿಯಲ್ಲ. 1870-71ರ ಮುತ್ತಿಗೆಯ ಕಾಲದಲ್ಲಿ ಪ್ಯಾರಿಸಿನಲ್ಲಿ ಆಹಾರವು ದುರ್ಲಭವಾಗಲು, ರೋಗಿಗಳ ಮೂತ್ರದಲ್ಲಿ ಸಕ್ಕರೆಯು ಇಳಿದುದನ್ನು ಬುಷಾರ್ದಾ ಎಂಬ ವೈದ್ಯನು ಗಮನಿಸಿದನು. ನ್ಯೂಯಾರ್ಕಿನ ರಾಕೆಫೆಲರ್ ಸಂಸ್ಥೆಯಲ್ಲಿ ಫ್ರೆಡರಿಕ್ ಆಲನ್ನನು 1914ರ ಸುಮಾರಿಗೆ ಉಪವಾಸವನ್ನೇ ಒಂದು ಚಿಕಿತ್ಸಾಕ್ರಮವನ್ನಾಗಿ ರೂಪಿಸಿದನು. ಅವನ ರೋಗಿಗಳಲ್ಲಿ ಮಕ್ಕಳೂ ಇದ್ದರು. ಈ ಪಥ್ಯವು ಅವರ ಆಯುಸ್ಸನ್ನು ಕೆಲಕಾಲ ಮುಂದೂಡಿತು, ದೇಹವನ್ನು ಅಸ್ಥಿಪಂಜರವಾಗಿಸಿತು. ಕೆಲವರು ಹಸಿವಿನಿಂದಲೇ ಮಡಿದರು. 1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚಿಕಿತ್ಸೆಯು ಆರಂಭವಾದ ಬಳಿಕ ಈ ಕ್ರಮವು ಹಿಂದೆ ಸರಿಯಿತು.

ಇನ್ಸುಲಿನ್ನಿಗೆ ದೇಹವು ಸ್ಪಂದಿಸುವ ರೀತಿಯಿಂದ ಈ ರೋಗದಲ್ಲಿ ಎರಡು ಬಗೆಗಳುಂಟೆಂದು ಲಂಡನ್ನಿನ ಹಿಮ್ಸ್‌ವರ್ತನು 1936ರಲ್ಲಿ ತೋರಿಸಿದನು. ಅಲ್ಪಾಹಾರದ ಇಂದಿನ ಪ್ರಯೋಗಗಳನ್ನು ಈ ಭೇದದ ಬೆಳಕಿನಲ್ಲಿಯೇ ನೋಡಬೇಕು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಡೈರೆಕ್ಟ್’ ಪ್ರಯೋಗವು, ರೋಗವು ತಿಳಿದುಬಂದು 6 ವರ್ಷ ಮೀರದ, ಇನ್ಸುಲಿನ್ ಪಡೆಯದ, ಎರಡನೆಯ ಬಗೆಯ ಸ್ಥೂಲಕಾಯರಿಗೆ ಮೀಸಲಾಗಿತ್ತು. ದಿನಕ್ಕೆ 825ರಿಂದ 853 ಕ್ಯಾಲೊರಿಗಳ ಆಹಾರವನ್ನು 3ರಿಂದ 5 ತಿಂಗಳು ವಿಧಿಸಲಾಯಿತು. ವರ್ಷಾಂತ್ಯಕ್ಕೆ ಶೇಕಡ 46 ಮಂದಿಯಲ್ಲಿ ಔಷಧವಿಲ್ಲದೆಯೇ ರೋಗವು ಶಮನದಲ್ಲಿತ್ತು. ಎರಡು ವರ್ಷಗಳ ಕೊನೆಗೆ ಆ ಪ್ರಮಾಣವು ಶೇಕಡ 36ಕ್ಕೆ ಇಳಿಯಿತು.

ಆಲನ್ನನ ರೋಗಿಗಳಿಗೆ ಅನ್ಯಮಾರ್ಗವಿರಲಿಲ್ಲ. ಇಂದಿನ ರೋಗಿಗೆ ಆಯ್ಕೆಯುಂಟು. ಆದುದರಿಂದ ರೋಗದ ಬಗೆಯನ್ನು ನಿರ್ಣಯಿಸದೆ, ವೈದ್ಯರ ಮೇಲ್ವಿಚಾರಣೆಯಿಲ್ಲದೆ ಈ ಪಥ್ಯವನ್ನು ಕೈಗೊಳ್ಳುವುದು, ಆ ಮಕ್ಕಳ ಪಾಡನ್ನು ಮರೆತಂತೆಯೇ ಸರಿ ಎಂದು ನಾವು ಭಾವಿಸುತ್ತೇವೆ.